ಹನ್ನೆರಡು ಹಸಿರು ದೀಪ

ಏಳನೆಯ ಕಂತು

ಕಂಬದ ಮಾವ ಮೂಗನ್ನು ಗಾಳಿಗೊಡ್ಡಿ ಒಂದು ಸಲ ಉಸಿರೆಳೆದನೆಂದರೆ ಸಾಕು, ಏಳು ಬೆಟ್ಟದಾಚೆ ಯಾರ ಫೋನಿನಲ್ಲಿ ಯಾವ ಹಾಡು ಓಡುತ್ತಿದೆ, ಅದು ಎಷ್ಟನೆಯ ಸಾಲಿನಲ್ಲಿ ತೊದಲಿ ನಿಂತಿದೆ ಎಂದು ಹೇಳಿಬಿಡುತ್ತಿದ್ದ. ಒಮ್ಮೆ ಹೀಗೆ ಮೂಸಿಯೇ ಸಮುದ್ರದ ತಳದಲ್ಲಿ ತುಂಡಾಗಿದ್ದ ಕೇಬಲನ್ನು ಪತ್ತೆ ಹಚ್ಚಿದ್ದ. ಆವತ್ತು ನಾಲ್ಕು ದೇಶದ ಮಂತ್ರಿಗಳು ಅವನಿಗೆ ಫೋನ್ ಮಾಡಿ ಗಳಗಳನೆ ಅತ್ತಿದ್ದರು. ಸಾಕ್ಷಿ ಬೇಕೆ? ಕಂಬದ ಮಾವನನ್ನೇ ಕೇಳಿ.

"ಮೂಸಿದ್ದು ಸಾಕು, ಏಣಿ ಸರಿಯಾಗಿ ಹಿಡ್ಕೊಳ್ಳಿ ಮಾವ!" ಮೇಲಿನಿಂದ ಕೂಗು ಬಿತ್ತು. "ನಾನು ಬಿದ್ರೆ ನಿಮ್ಮ ಮೂಗಿನ ಮೇಲೇ ಬೀಳ್ತೀನಿ."

ಕಂಬದ ತುದಿಯಲ್ಲಿದ್ದವಳು ಅವನ ತಂಗಿಯ ಮಗಳು. ಫೋನ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದರಿಂದ ಕಾಲೋನಿಯವರ ಬಾಯಲ್ಲಿ ರಿಪೇರಿಯವಳು. ಕೆಟ್ಟ ಫೋನಿಗೂ ಕೆಟ್ಟ ಬಾಯಿಯ ಗಿರಾಕಿಗೂ ಒಂದೇ ಸ್ಕ್ರೂಡ್ರೈವರಿನಲ್ಲಿ ಉತ್ತರ ಕೊಡುವವಳು. ಕೆಳಗೆ ಏಣಿ ಹಿಡಿದವನು ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕಳೆದು ನಿವೃತ್ತನಾಗಿದ್ದ. ಅಂದಿನಿಂದ, ಯಾರೂ ನೇಮಿಸದಿದ್ದರೂ, ಕಾಲೋನಿಗೆ ಅವನೇ ಪತ್ತೇದಾರ.

ಈಗ ಪತ್ತೆ ಹಚ್ಚಬೇಕಿದ್ದದ್ದು ಇಷ್ಟೆ: ಹನ್ನೊಂದು ದಿನದಿಂದ ಕಾಲೋನಿಯ ಹನ್ನೆರಡೂ ಕಂಬಗಳಿಗೆ ಹಳೆಯವುಗಳ ಬದಲು ಹಾಕಿದ ಹೊಸ ವೈಫೈ ಪೆಟ್ಟಿಗೆಗಳಲ್ಲಿ ಹಸಿರು ದೀಪ ಉರಿಯುತ್ತಿತ್ತು, ನೆಟ್ ಮಾತ್ರ ಇರಲಿಲ್ಲ.

ಹಳೆಯ ಕಲ್ಲುಗಣಿಯ ಹೊಂಡದಲ್ಲಿ ಕಟ್ಟಿಕೊಂಡ ಕಾಲೋನಿ ಅದು. ಮೊಬೈಲ್ ಸಿಗ್ನಲ್ ದೂರದ ಪೇಟೆಯವರೆಗೆ ಬಂದು, ಗಣಿಯತ್ತ ಇಣುಕಿ ನೋಡಿ ವಾಪಸು ಹೋಗುತ್ತಿತ್ತು. ಕಂಬದ ವೈಫೈ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ.

ಏಣಿಯ ಪಕ್ಕದಲ್ಲಿ ದರ್ಜಿ ಅಕ್ಕ ನಿಂತಿದ್ದಳು. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಗಂಡನ ಫೋನು. ಗಂಡನಿಗೆ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್. ವಾರವಾರವೂ ಇದೇ ದಿನ, ಎರಡರಿಂದ ನಾಲ್ಕು ಗಂಟೆಯೊಳಗೆ, ಆಸ್ಪತ್ರೆಯ ಆ್ಯಪ್ ತೆರೆದು 'ಬರುತ್ತೇವೆ' ಎಂದು ಒತ್ತಬೇಕು. ಒತ್ತದಿದ್ದರೆ ಆ ಜಾಗ ಇನ್ನೊಬ್ಬರಿಗೆ. ಲ್ಯಾಂಡ್‌ಲೈನಿನಿಂದ ಫೋನ್ ಮಾಡಿದರೆ ಯಂತ್ರವೊಂದು ಸಕ್ಕರೆಯಂಥ ದನಿಯಲ್ಲಿ 'ದಯವಿಟ್ಟು ಆ್ಯಪ್ ಬಳಸಿ' ಎನ್ನುತ್ತಿತ್ತು.

ಹೋದ ವಾರ ಒತ್ತಲು ನೆಟ್ ಸಿಗಲಿಲ್ಲ. ಗಂಡನ ಕಾಲು ಕಂಬದಂತೆ ಊದಿಕೊಂಡು, ಮಲಗಿದರೆ ಉಸಿರು ಸಿಕ್ಕದೆ, ನಾಲ್ಕು ದಿನ ಕೂತೇ ಕಳೆದ. ಕೊನೆಗೆ ಯಾರದೋ ಕಾಲು ಹಿಡಿದು ಒಂದು ಸಲ ಮಾಡಿಸಿದ್ದಾಯಿತು. ಇನ್ನೊಂದು ವಾರ ತಪ್ಪಿದರೆ ಏನಾಗುತ್ತದೆಂದು ಡಾಕ್ಟರು ಹೇಳಿರಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡಿದ್ದರು.

"ಮಾವ, ಗಂಟೆ ಮೂರಾಯ್ತು," ಎಂದಳು ದರ್ಜಿ ಅಕ್ಕ. "ಒಂದು ಗಂಟೆ ಬಸ್ಸಿಗೆ ಹೋಗಿದ್ರೆ ಇಷ್ಟೊತ್ತಿಗೆ ಪೇಟೆಯಲ್ಲಿ ಇರ್ತಿದ್ದೆ. ನೀವೇ ಬೇಡ ಅಂದ್ರಿ."

"ಅಂದೆ. ಈಗಲೂ ಅಂತೀನಿ." ಕಂಬದ ಮಾವ ಎದೆ ಉಬ್ಬಿಸಿದ. "ನಾನಿರುವಾಗ ನೀನ್ಯಾಕೆ ಬಸ್ಸು ಹತ್ತಬೇಕು ತಾಯಿ? ಈ ಪೆಟ್ಟಿಗೆ ಹಾಕಿದ ದಿನ ಹನ್ನೆರಡೂ ಕಂಬವನ್ನ ಒಂದೇ ಉಸಿರಲ್ಲಿ ಹತ್ತಿ ಇಳಿದವನು ನಾನು. ಹದ್ದುಗಳು ದಾರಿ ಬಿಟ್ಟು ಹಾರಿದ್ವು. ಒಳಗೆ ಎಲ್ಲ ಬಂಗಾರದಂಗಿತ್ತು. ಯಾರೋ ಕಳ್ಳ ಆಮೇಲೆ ಕೈ ಹಾಕಿದಾನೆ. ಅವನು ಯಾರು ಅನ್ನೋದು ನನಗೆ ಗೊತ್ತು."

ಅವನ ಕಣ್ಣು ರಸ್ತೆಯಾಚೆ ಹೋಯಿತು. ಅಲ್ಲಿ ಗಂಟೆಯಣ್ಣ ತನ್ನ ನೆಟ್ ಅಂಗಡಿಯ ಬಾಗಿಲಿಗೆ ಒರಗಿ ಹಲ್ಲುಕಡ್ಡಿ ಅಗಿಯುತ್ತಿದ್ದ. ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಬಾಡಿಗೆ ಕೊಡುವವನು. ಪುಕ್ಕಟೆ ವೈಫೈ ಬಂದ ಮೇಲೆ ಅವನ ವ್ಯಾಪಾರ ಬಿದ್ದಿತ್ತು. ಒಂದು ವಾರದಿಂದ ಕಂಬದ ಮಾವ ಅವನನ್ನು ಎಷ್ಟು ಕಣ್ಣಿಟ್ಟು ನೋಡಿದ್ದನೆಂದರೆ, ಅವನ ಅಂಗಿಯಲ್ಲಿ ನೋಟ ನಾಟಿ ತೂತು ಬಿದ್ದಿತ್ತು.

"ಏನ್ ಮಾವ, ಹಂಗ್ಯಾಕೆ ನುಂಗೋ ಹಾಗೆ ನೋಡ್ತೀರಿ?" ಗಂಟೆಯಣ್ಣ ದಾಟಿ ಬಂದ. "ನಾನೇ ಕೆಡಿಸಿದೆ ಅಂತ ಊರೆಲ್ಲ ಡಂಗುರ ಹೊಡೀತಿದ್ದೀರಂತೆ?"

"ಕಳ್ಳ ತಾನೇ ಬಾಯಿ ಬಿಟ್ಟ!"

"ಬಾಯಿ ಬಿಡ್ತೀನಿ, ಕೇಳಿಸ್ಕೊಳ್ಳಿ. ನನ್ನಂಗಡಿಗೆ ನೆಟ್ಟು ಎಲ್ಲಿಂದ ಬರ್ತಿತ್ತು ಅಂದ್ಕೊಂಡ್ರಿ? ಇದೇ ಕಂಬದ ಹಳೇ ಪೆಟ್ಟಿಗೆಯಿಂದ! ಪುಕ್ಕಟೆ ಎಳ್ಕೊಂಡು ಗಂಟೆ ಲೆಕ್ಕಕ್ಕೆ ಮಾರ್ತಿದ್ದೆ. ಹನ್ನೊಂದು ದಿನದಿಂದ ನನ್ನ ಕಂಪ್ಯೂಟರ್ ಮೇಲೆ ಮಕ್ಕಳು ಬೆರಳಲ್ಲಿ ಹೆಸರು ಬರೀತಿದ್ದಾರೆ, ಅಷ್ಟು ಧೂಳು. ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಳ್ತೀನಾ?"

ದರ್ಜಿ ಅಕ್ಕನ ಮುಖ ಕೆಂಪೇರಿತು.

"ಎಲ್ಲರ ನೆಟ್ಟನ್ನ ಮಾರ್ತಿದ್ಯಾ? ನಾಚಿಕೆ ಇಲ್ವಾ ನಿಂಗೆ?"

"ಇದೆ ಅಕ್ಕಾ. ಅದಕ್ಕೇ ಇಷ್ಟು ದಿನ ಹೇಳ್ಲಿಲ್ಲ."

ಅಷ್ಟರಲ್ಲಿ ಮೇಲೆ ಕಿರ್ರೆಂದು ಪೆಟ್ಟಿಗೆಯ ಮುಚ್ಚಳ ಬಿಚ್ಚಿತು.

"ಏನಿದೆಯೇ ಒಳಗೆ?" ಮಾವ ಕೂಗಿದ.

ರಿಪೇರಿಯವಳು ಪೆಟ್ಟಿಗೆಯನ್ನೇ ಕಂಬದಿಂದ ಕಳಚಿ, ಕಂಕುಳಲ್ಲಿ ಇಟ್ಟುಕೊಂಡು ಇಳಿದು ಬಂದಳು. ನೆಲದ ಮೇಲಿಟ್ಟು ಮುಚ್ಚಳ ತೆಗೆದಳು.

ಒಳಗೆ ಒಂದು ವಿದ್ಯುತ್ ತಂತಿ. ಅದರ ತುದಿಗೆ ಒಂದು ಹಸಿರು ದೀಪ. ಗಾಳಿಗೆ ಪೆಟ್ಟಿಗೆ ಟಳಟಳ ಎನ್ನದಿರಲೆಂದು, ತೂಕಕ್ಕೆ, ಅರ್ಧ ಇಟ್ಟಿಗೆ.

ಅಷ್ಟೆ.

ಗಂಟೆಯಣ್ಣ ಬಾಯಿಂದ ಹಲ್ಲುಕಡ್ಡಿ ತೆಗೆದ. ದರ್ಜಿ ಅಕ್ಕ ಬಗ್ಗಿ ಇಟ್ಟಿಗೆಯನ್ನು ಕೈಗೆತ್ತಿಕೊಂಡಳು. ಅದನ್ನು ಯಾರ ತಲೆಗೆ ಎಸೆಯಬೇಕೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

"ಕದ್ದಿದಾರೆ," ಎಂದ ಕಂಬದ ಮಾವ. ಅವನ ದನಿ ಎಂದಿಗಿಂತ ಅರ್ಧದಷ್ಟಿತ್ತು. "ಯಂತ್ರ ಕದ್ದು ಇಟ್ಟಿಗೆ ಇಟ್ಟಿದಾರೆ."

"ಇಲ್ಲಿ ನೋಡಿ ಮಾವ." ರಿಪೇರಿಯವಳು ಪೆಟ್ಟಿಗೆಯ ಒಳಮೈಯನ್ನು ಬೆಳಕಿಗೆ ಹಿಡಿದಳು. "ಯಂತ್ರ ಕೂರಿಸೋಕೆ ನಾಲ್ಕು ತೂತು ಇದಾವೆ. ತೂತಿನೊಳಗೆ ಬಣ್ಣ ಹಾಗೇ ಇದೆ. ಒಂದು ಸಲ ಸ್ಕ್ರೂ ತಿರುಗಿಸಿದ್ರೂ ಈ ಬಣ್ಣ ಕಿತ್ತು ಬರುತ್ತೆ. ಇದರೊಳಗೆ ಯಾವತ್ತೂ ಯಂತ್ರ ಕೂತೇ ಇಲ್ಲ."

ಹೇಳುತ್ತ ಹೇಳುತ್ತ ಅವಳೇ ನಿಂತಳು. ನಿಧಾನವಾಗಿ ತಲೆಯೆತ್ತಿ ಮಾವನ ಮುಖ ನೋಡಿದಳು.

"ನೀವು ಹತ್ತಿ ನೋಡಿದ್ರಲ್ಲ. ಒಳಗೆ ಏನಿತ್ತು ಆವತ್ತು?"

"ಆಮೇಲೆ ಹೇಳ್ತೀನಿ. ಮೊದಲು ಕಚೇರಿ!" ಕಂಬದ ಮಾವ ಪೆಟ್ಟಿಗೆಯನ್ನು ಎತ್ತಿಕೊಂಡು ನಡೆದೇಬಿಟ್ಟ. ನಡೆದನೆಂದರೆ ಏನು, ರಸ್ತೆ ಅವನ ಕಾಲಡಿಯಲ್ಲಿ ಹಿಂದಕ್ಕೆ ಓಡಿತು. ಆದರೆ ಅವನ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು, ಮತ್ತು ಅದು ಬಿಸಿಲಿನ ಬೆವರಾಗಿರಲಿಲ್ಲ.

ವಾರ್ಡ್ ಕಚೇರಿ ಗಣಿಯ ತಳದಲ್ಲೇ ಇತ್ತು, ಹಿಂದೆ ಕಲ್ಲು ತೂಗುತ್ತಿದ್ದ ದಪ್ಪ ಗೋಡೆಯ ಕಟ್ಟಡದಲ್ಲಿ. ಗಂಟೆಯಣ್ಣ ಅಂಗಡಿಯಲ್ಲೇ ಉಳಿದ. ಉಳಿದ ಮೂವರು ಒಳಗೆ ಕಾಲಿಡುತ್ತಿದ್ದ ಹಾಗೆ ದರ್ಜಿ ಅಕ್ಕನ ಕೈಯಲ್ಲಿದ್ದ ಫೋನು ಮಿಡಿಯಿತು. ಪರದೆಯ ಮೇಲೆ ವೈಫೈ ಗುರುತು, ತುಂಬಿದ ಗೆರೆಗಳು, ಪಕ್ಕದಲ್ಲಿ ಪುಟ್ಟ ಬೀಗದ ಚಿತ್ರ.

"ಇವರಿಗೆ ಮಾತ್ರ ಇದೆ. ನನಗೆ ನಾಲ್ಕು ಗಂಟೆಯೊಳಗೆ ಒತ್ತೋಕೂ ಇಲ್ಲ," ಎಂದಳು ಅವಳು, ಹಲ್ಲು ಕಚ್ಚಿ.

ವೈಫೈ ಕೆಲಸದ ಉಸ್ತುವಾರಿ ಎಂಜಿನಿಯರು ಮೇಜಿನ ಹಿಂದೆ ಕೂತು ಫೋನಿನಲ್ಲಿ ಯಾರೋ ಈಜುವುದನ್ನು ನೋಡುತ್ತಿದ್ದರು. ಚಿತ್ರ ಒಂದು ಸಲವೂ ನಿಲ್ಲದೆ ಓಡುತ್ತಿತ್ತು. ದರ್ಜಿ ಅಕ್ಕ ಅರ್ಧ ಇಟ್ಟಿಗೆಯನ್ನು ಅವರ ಮುಂದಿನ ಗಾಜಿನ ಮೇಲೆ ಇಟ್ಟಳು. ಇಟ್ಟಳು ಎನ್ನುವುದು ಮರ್ಯಾದೆಯ ಮಾತು. ಗಾಜು ಬಿರುಕು ಬಿಟ್ಟಿತು.

"ಇದೇನು?"

"ನಿಮ್ಮ ಹೊಸ ವೈಫೈ ಸಾರ್. ಹಳೇದಕ್ಕಿಂತ ಹತ್ತು ಪಟ್ಟು ವೇಗ ಅಂತ ಹೇಳಿ ನಡೀತಿದ್ದ ಪೆಟ್ಟಿಗೆನೂ ಕಿತ್ಕೊಂಡು ಹೋದ್ರಲ್ಲ, ಅದರ ಬದಲು ಕೊಟ್ಟಿದ್ದು. ಒಂದು ವಾರ ಒಗ್ಗಿಕೊಳ್ಳಬೇಕು ಅಂದ್ರು ನಿಮ್ಮವರು. ಇಟ್ಟಿಗೆಗೆ ಒಗ್ಗೋಕೆ ಎಷ್ಟು ವಾರ ಬೇಕು?"

"ಅಮ್ಮಾ, ದನಿ ತಗ್ಗಿಸಿ. ಇದು ಕಚೇರಿ."

"ನನ್ನ ಗಂಡ ನಾಲ್ಕು ದಿನ ಉಸಿರಿಗೆ ಒದ್ದಾಡಿದ್ರು. ಆಗ ಅವರ ದನಿ ಬಹಳ ತಗ್ಗಿತ್ತು. ನಿಮಗೆ ಕೇಳಿಸ್ತಾ?"

ಎಂಜಿನಿಯರು ಈಜುವವನನ್ನು ನಿಲ್ಲಿಸಿದರು. ಪೆಟ್ಟಿಗೆಯೊಳಗೆ ಇಣುಕಿದರು. ಅವರ ಮುಖದಲ್ಲಿ ಅಚ್ಚರಿ ಬಂತು, ಆದರೆ ಅರ್ಧ ಗಳಿಗೆ ತಡವಾಗಿ ಬಂತು. ಇದನ್ನು ರಿಪೇರಿಯವಳು ಗಮನಿಸಿದಳು.

"ಛೆ ಛೆ. ಯಂತ್ರ ಕಳುವಾಗಿದೆ."

"ಕಳುವಾಗೋಕೆ ಮೊದಲು ಇರಬೇಕಲ್ಲ ಸಾರ್?" ಅವಳು ಬಣ್ಣದ ತೂತುಗಳನ್ನು ತೋರಿಸಿದಳು. "ಸ್ಕ್ರೂ ತಾಕಿಲ್ಲ."

"ನೋಡಮ್ಮ, ಬಣ್ಣ ಗಿಣ್ಣ ನನಗೆ ಗೊತ್ತಿಲ್ಲ. ನನಗೆ ಕಾಗದ ಗೊತ್ತು." ಅವರು ಕಪಾಟಿನಿಂದ ಒಂದು ಕಡತ ತೆಗೆದರು. "ಪ್ರತಿ ಕಾಲೋನಿಯಲ್ಲೂ ಈ ಕೆಲಸ ಬಲ್ಲ ಹೊರಗಿನ ಒಬ್ಬ ತಜ್ಞ ಕಂಬ ಹತ್ತಿ, ಪೆಟ್ಟಿಗೆ ತೆರೆದು ನೋಡಿ, ಸರಿ ಇದೆ ಅಂತ ಸಹಿ ಹಾಕ್ಬೇಕು. ಹಾಕಿದ ಮೇಲೇ ಗುತ್ತಿಗೆದಾರನ ಕೆಲಸ ಮುಗೀತು ಅಂತ ಲೆಕ್ಕ. ಇಲ್ಲಿದೆ. ಹನ್ನೆರಡೂ ಪೆಟ್ಟಿಗೆ, ಹನ್ನೆರಡೂ ಯಂತ್ರ, ಪರೀಕ್ಷಿಸಲಾಗಿದೆ. ನಿಮ್ಮವರೇ ಯಾರೋ ನಿವೃತ್ತ ಲೈನ್‌ಮ್ಯಾನ್."

ಎಲ್ಲರೂ ಕಂಬದ ಮಾವನತ್ತ ತಿರುಗಿದರು.

"ಓ, ತಾವೇನಾ?" ಎಂಜಿನಿಯರು ಎದ್ದು ನಿಂತು ಕುರ್ಚಿ ಎಳೆದು ಕೊಟ್ಟರು. "ಒಳ್ಳೇದಾಯ್ತು. ಬನ್ನಿ ಸಾರ್, ಕೂತ್ಕೊಳ್ಳಿ."

ಸಾರ್! ಬೇರೆ ದಿನವಾಗಿದ್ದರೆ ಆ ಒಂದು ಮಾತಿಗೆ ಕಂಬದ ಮಾವ ನೆಲದಿಂದ ಮೂರು ಗೇಣು ಮೇಲೆದ್ದಿರುತ್ತಿದ್ದ. ಇವತ್ತು ಅವನು ಕುರ್ಚಿಯನ್ನು ಮುಟ್ಟಲಿಲ್ಲ.

ಎಂಜಿನಿಯರು ಒಂದು ಬಿಳಿ ಹಾಳೆ ತೆಗೆದು ತಾವೇ ಬರೆಯತೊಡಗಿದರು. ಬರೆಯುತ್ತಲೇ ಮಾತಾಡಿದರು, ಮದುವೆಯ ಕರೆಯೋಲೆ ಓದುವಷ್ಟು ಸಲೀಸಾಗಿ.

"ಕಳ್ಳತನದ ದೂರು. ಅಮ್ಮ ದೂರುದಾರರು. ಸಾರ್ ಸಾಕ್ಷಿ: ಯಂತ್ರಗಳಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ, ಆಮೇಲೆ ಕಳುವಾಗಿವೆ. ಇದು ಬಂತು ಅಂದ್ರೆ ಹೊಸ ಯಂತ್ರಕ್ಕೆ ನಾನೇ ಬರೀತೀನಿ. ಅನುಮಾನ ಯಾರ ಮೇಲೆ ಅಂತ ಒಂದು ಹೆಸರು ಬೇಕು. ಆ ನೆಟ್ ಅಂಗಡಿಯವನು ಹೇಗೆ? ಅವನಿಗೆ ತಾನೇ ಲಾಭ?"

"ಅವನಲ್ಲ," ಎಂದಳು ರಿಪೇರಿಯವಳು. "ಅವನೇ ಈ ಕಂಬದಿಂದ ಎಳ್ಕೋತಿದ್ದ."

"ಅಂದ್ರೆ ಕಳ್ಳನೇ ಆಯ್ತಲ್ಲ! ಪೊಲೀಸರು ನೋಡ್ಕೊಳ್ತಾರೆ." ಅವರು ದರ್ಜಿ ಅಕ್ಕನ ಕೈಯಲ್ಲಿದ್ದ ಫೋನಿನತ್ತ ಗಲ್ಲ ಎತ್ತಿ ತೋರಿಸಿದರು. "ಏನೋ ನಾಲ್ಕು ಗಂಟೆಯೊಳಗೆ ಆಗ್ಬೇಕು ಅಂತ ಬಾಗಿಲಲ್ಲೇ ಗೊಣಗ್ತಾ ಬಂದ್ರಿ. ಇಲ್ಲೇ ಕೂತು ಮಾಡ್ಕೊಳ್ಳಿ. ಕಚೇರಿಯ ನೆಟ್ ಸಿಬ್ಬಂದಿಗೆ ಮಾತ್ರ, ಆದ್ರೂ ಪಾಸ್‌ವರ್ಡ್ ನಾನೇ ಹಾಕಿ ಕೊಡ್ತೀನಿ. ಎರಡು ಸಹಿ, ಎರಡು ನಿಮಿಷ."

ಗೋಡೆಯ ಗಡಿಯಾರದಲ್ಲಿ ಮೂರು ನಲವತ್ತೆರಡು.

ದರ್ಜಿ ಅಕ್ಕ ಪೆನ್ನು ತೆಗೆದುಕೊಂಡಳು.

"ಅಕ್ಕಾ, ಬೇಡ," ರಿಪೇರಿಯವಳು ಅವಳ ಮಣಿಕಟ್ಟು ಹಿಡಿದಳು. "ಇದು ಸುಳ್ಳು. ಗಂಟೆಯಣ್ಣನ್ನ ಒಳಗೆ ಹಾಕ್ತಾರೆ. ಈ ಇಟ್ಟಿಗೆ ಇಟ್ಟವನು ಹಾಯಾಗಿರ್ತಾನೆ."

"ಕೈ ಬಿಡು. ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ ಸುಳ್ಳು ಅಂತ? ಇವರ ಮುಖದ ಮೇಲೇ ಬರ್ಕೊಂಡಿದೆ. ಆದ್ರೆ ನನ್ನ ಗಂಡನ ರಕ್ತದಲ್ಲಿ ವಿಷ ಏರ್ತಿದೆಯಲ್ಲ, ಅದು ಸತ್ಯ ಯಾವುದು ಸುಳ್ಳು ಯಾವುದು ಅಂತ ಕೇಳ್ಕೊಂಡು ನಿಲ್ಲುತ್ತಾ?" ಅವಳು ಸಹಿ ಹಾಕಿದಳು. ಪೆನ್ನಿನ ಮೊನೆ ಹಾಳೆಯನ್ನು ಹರಿದು ಗಾಜಿಗೆ ತಾಗಿತು. "ನನ್ನದಾಯ್ತು. ಮಾವ, ನಿಮ್ಮದು."

ಪೆನ್ನು ಕಂಬದ ಮಾವನ ಮುಂದೆ ಬಂತು.

ಹಾಕಿಬಿಟ್ಟರೆ ಎಲ್ಲ ಸಲೀಸು. ಅಕ್ಕನ ಗಂಡನಿಗೆ ಜಾಗ ಸಿಗುತ್ತದೆ. ಕಾಲೋನಿಗೆ ಹೊಸ ಯಂತ್ರ ಬರಲೂಬಹುದು. ಹನ್ನೆರಡು ಕಂಬಗಳನ್ನು ಒಂದೇ ಉಸಿರಲ್ಲಿ ಹತ್ತಿದವನ ಹೆಸರು ಹಾಗೇ ಉಳಿಯುತ್ತದೆ, ಹದ್ದುಗಳ ಸಮೇತ. ಹೋಗುವವನು ಗಂಟೆಯಣ್ಣ ಒಬ್ಬ. ಅವನೇನು ಸಾಚಾ?

ಅವನು ಪೆನ್ನು ಹಿಡಿದ. ಮೊನೆ ಹಾಳೆಗೆ ತಾಗಿತು. ಅಲ್ಲೇ ನಿಂತಿತು.

"ಹಾಕಿ ಮಾವ. ಇನ್ನು ಹದಿನಾರು ನಿಮಿಷ ಇದೆ."

"ಆಗಲ್ಲ ತಾಯಿ."

"ಏನಾಗಲ್ಲ?"

"ಕಣ್ಣಾರೆ ಕಂಡಿದ್ದೀನಿ ಅಂತ ಬರ್ದಿದಾರೆ." ಅವನು ಪೆನ್ನಿಗೆ ಮುಚ್ಚಳ ಹಾಕಿದ. "ನಾನು ಕಂಡಿಲ್ಲ. ನಾನು ಹತ್ತಲಿಲ್ಲ."

ಅವನು ಪೆನ್ನನ್ನು ಮೇಜಿನ ಮೇಲಿಟ್ಟ.

"ಹನ್ನೆರಡರಲ್ಲಿ ಒಂದನ್ನೂ ಹತ್ತಲಿಲ್ಲ. ಹನ್ನೆರಡು ವರ್ಷದ ಹಿಂದೆ ಕಂಬದಿಂದ ಬಿದ್ದೆ. ಆವತ್ತಿಂದ ಮನೆಯಲ್ಲಿ ಬಲ್ಬು ಹಾಕೋಕೆ ಸ್ಟೂಲು ಹತ್ತಿದ್ರೂ ಕಣ್ಣು ಕತ್ತಲೆ ಬರುತ್ತೆ. ಕೊನೇ ವರ್ಷಗಳೆಲ್ಲ ಇಲಾಖೆಯ ಉಗ್ರಾಣದಲ್ಲಿ ಕೂತು ತಂತಿ ಎಣಿಸಿದವನು ನಾನು. ಗುತ್ತಿಗೆದಾರನ ಮೇಸ್ತ್ರಿ ಬಂದು 'ಸಾರ್, ನಿಮ್ಮಂಥ ತಜ್ಞರು ನೋಡ್ಬೇಕು' ಅಂದ. ತಲೆಗೆ ಹಳದಿ ಹೆಲ್ಮೆಟ್ ಇಟ್ಟ, ಫೋಟೋ ತೆಗೆದ. ಹತ್ತೋಕಾಗಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಕೆಳಗೆ ನಿಂತು ತಲೆ ಎತ್ತಿ ನೋಡ್ದೆ. ಹಸಿರು ದೀಪ ಉರೀತಿತ್ತು. ಸಹಿ ಹಾಕ್ದೆ."

ರಿಪೇರಿಯವಳು ಕಣ್ಣು ಮುಚ್ಚಿದಳು. "ದೀಪ ಉರಿದ್ರೆ ಕರೆಂಟ್ ಇದೆ ಅಂತ ಅಷ್ಟೇ ಮಾವ. ನಿಮಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು?"

"ನನಗೇ ಚೆನ್ನಾಗಿ ಗೊತ್ತು."

ದರ್ಜಿ ಅಕ್ಕ ಅವನ ಮುಂದೆ ಬಂದು ನಿಂತಳು. ಕೂಗಲಿಲ್ಲ. ಕೂಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ಹೋದ ವಾರ ಅವರ ಹಾಸಿಗೆ ಪಕ್ಕ ಕೂತು ಕಳ್ಳನ ಕಥೆ ಹೇಳಿದ್ರಿ. ಅವರು ಉಸಿರು ಹಿಡ್ಕೊಂಡು ನಕ್ಕರು. ಇವತ್ತು ಬಸ್ ಬೇಡ ಅಂದ್ರಿ. ನಾನು ನಂಬಿದೆ." ಅವಳು ಫೋನನ್ನು ಅವನ ಮುಖಕ್ಕೆ ಹಿಡಿದಳು. "ಈಗ ಇದನ್ನ ಒತ್ತಿ ಮಾವ. ಮೂಸಿ ಒತ್ತಿ."

ಅವನು ತಲೆ ಎತ್ತಲಿಲ್ಲ. ಎಂಜಿನಿಯರ ಕಡೆ ತಿರುಗಿ ಹೇಳಿದ: "ಬರ್ಕೊಳ್ಳಿ ಸಾರ್. ನಾನು ನೋಡದೆ ಸಹಿ ಹಾಕಿದೆ ಅಂತ ಬರ್ಕೊಳ್ಳಿ. ಕಳ್ಳತನ ಆಗಿಲ್ಲ. ಪೆಟ್ಟಿಗೆ ಖಾಲಿಯೇ ಬಂದಿದ್ವು. ಜೈಲಾದ್ರೆ ನನಗಾಗ್ಲಿ. ಈ ಹೆಣ್ಣುಮಗಳಿಗೆ ಪಾಸ್‌ವರ್ಡ್ ಹಾಕಿಕೊಡಿ."

ಎಂಜಿನಿಯರು ಹೆದರಬೇಕಿತ್ತು. ಹೆದರಲಿಲ್ಲ. ಬರೆದ ಹಾಳೆಯನ್ನು ಅಚ್ಚುಕಟ್ಟಾಗಿ ಮಡಚಿ ಬದಿಗಿಟ್ಟರು. ಮುಖದಲ್ಲಿ, ಕಳೆದ ಚೀಲ ಮರಳಿ ಸಿಕ್ಕಿದವನ ನೆಮ್ಮದಿ.

"ಬರ್ಕೊಳ್ತೀನಿ. ಖಂಡಿತ ಬರ್ಕೊಳ್ತೀನಿ. ನೋಡದೆ ಸಹಿ ಹಾಕಿದ್ದು, ಅಲ್ವಾ? ಎಲ್ಲದಕ್ಕೂ?"

"ಎಲ್ಲದಕ್ಕೂ ಅಂದ್ರೆ?"

ಅವರು ಕಡತವನ್ನು ಅವನತ್ತ ತಿರುಗಿಸಿದರು. ಮೊದಲನೆಯ ಹಾಳೆ ಈ ಕಾಲೋನಿಯದು. ಕೆಳಗೆ ಅವನ ಸಹಿ, ಉದ್ದನೆಯ ಬಾಲ, ಬಾಲದ ಕೆಳಗೆ ಎರಡು ಚುಕ್ಕಿ. ಎಂಜಿನಿಯರು ಹಾಳೆ ಮಗುಚಿದರು. ರೈಲು ಹಳಿಯ ಪಕ್ಕದ ಗುಡಿಸಲುಗಳ ಬೀದಿ, ಅದೇ ಸಹಿ. ಇನ್ನೊಂದು. ಕಸದ ಗುಡ್ಡದ ಹಿಂದಿನ ಬಡಾವಣೆ. ಅದೇ ಬಾಲ, ಅದೇ ಚುಕ್ಕಿ. ಮತ್ತೊಂದು. ಅವನು ಹೆಸರೂ ಕೇಳಿರದ ಜಾಗಗಳು.

ರಿಪೇರಿಯವಳು ಎಣಿಸಿದಳು. "ಒಂಬತ್ತು."

"ಒಂಬತ್ತು ಕಾಲೋನಿ, ನೂರ ಎಂಟು ಪೆಟ್ಟಿಗೆ," ಎಂದರು ಎಂಜಿನಿಯರು. "ಎಲ್ಲ ಪರೀಕ್ಷಿಸಿದ್ದು ಒಬ್ಬರೇ ತಜ್ಞರು. ಅವರು ಈಗ ಮೂರು ಜನರ ಮುಂದೆ ತಪ್ಪೊಪ್ಪಿಕೊಂಡಿದ್ದಾರೆ. ಇದಕ್ಕೂ ಗುತ್ತಿಗೆದಾರನಿಗೂ ನನಗೂ ಇನ್ನು ಏನು ಸಂಬಂಧ?"

ಕಂಬದ ಮಾವ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿದ. ಅವನ ಬೆರಳು ಮೊದಲನೆಯ ಹಾಳೆಗೆ ಬಂದು ನಿಂತಿತು.

"ಇದು ನಂದು. ಉಳಿದದ್ದು ಯಾವುದೂ ನಂದಲ್ಲ. ಯಾರೋ ನನ್ನ ಸಹಿ ನೋಡಿ ಹಾಕಿದಾರೆ. ನಾನು ಹಾಕಿದ್ದು ಒಂದೇ ಒಂದು."

ಅವನು ರಿಪೇರಿಯವಳನ್ನು ನೋಡಿದ. ಅವಳು ಕಡತದಿಂದ ಕಣ್ಣು ತೆಗೆಯಲಿಲ್ಲ. ದರ್ಜಿ ಅಕ್ಕನನ್ನು ನೋಡಿದ. ಅವಳು ಗಡಿಯಾರ ನೋಡುತ್ತಿದ್ದಳು: ಮೂರು ಐವತ್ತೊಂದು.

"ಹದ್ದು ಸುಳ್ಳು ತಾಯಿ," ಎಂದ ಅವನು. "ಸಮುದ್ರ ಸುಳ್ಳು, ಮಂತ್ರಿಗಳು ಸುಳ್ಳು, ಕಳ್ಳ ಸುಳ್ಳು. ಆವತ್ತು ಆ ಮೇಸ್ತ್ರಿ ನನ್ನನ್ನ ಸಾರ್ ಅಂದ, ಅದಕ್ಕೆ ಹಾಕ್ದೆ. ಆದ್ರೆ ಒಂದೇ ಹಾಳೆಗೆ ಹಾಕಿದ್ದು. ಇದೊಂದನ್ನ ನಂಬಿ."